ಅಪ್‌ಡೇಟ್: ಬ್ಯಾಂಜೊದಲ್ಲಿ ದೋಷವಿರಲಿಲ್ಲ

ಮೂರು ತಿಂಗಳ ಹಿಂದೆ ಕೇಳಿದ್ದೆ: ಹೊಸ ಐದು ತಂತಿಯ ಬ್ಯಾಂಜೊವನ್ನು (ಗಿಟಾರ್‌ನಂತೆ ಮೀಟಿ ನುಡಿಸುವ ವಾದ್ಯ) ಎಷ್ಟೇ ಶ್ರುತಿ ಮಾಡಿದರೂ ಮೇಲಿನ ಫ್ರೆಟ್‌ಗಳಲ್ಲಿ (ವೀಣೆಯ ಮೆಟ್ಟಿಲುಗಳಂಥವು) ಸ್ವರ ಏರಿ ಕೇಳಿಸುತ್ತದೆ, ಹಿಂದಿರುಗಿಸಲೇ? ಮೊದಲು ಕುದುರೆಯನ್ನು, ಅಂದರೆ ತಂತಿಗಳನ್ನು ಹೊತ್ತು ನಿಲ್ಲುವ ಪುಟ್ಟ ಬ್ರಿಜ್ ಅನ್ನು, ನೋಡಿ ಎಂದಿದ್ದಿರಿ. ರೋಗ ಅಲ್ಲೇ ಇತ್ತು.

ಬ್ಯಾಂಜೊದ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡವೇ ಅದನ್ನು ಹಿಡಿದಿಡುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನನ್ನದು ಬ್ಯಾಂಜೊದ ಕತ್ತಿನ (ಫ್ರೆಟ್‌ಗಳಿರುವ ಉದ್ದನೆಯ ಭಾಗ) ಕಡೆಗೆ ಸರಿದಿತ್ತು. 12ನೇ ಫ್ರೆಟ್‌ನ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ ಮೀಟಿದೆ, ಆಮೇಲೆ ಒತ್ತಿ ಮೀಟಿದೆ. ಎರಡೂ ಒಂದೇ ಸ್ವರ ಕೊಡಬೇಕಿತ್ತು, ಆದರೆ ಒತ್ತಿದ್ದು ಏರಿತ್ತು. ಕುದುರೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸುತ್ತ ಹೋದೆ. ನಾಲ್ಕನೆಯ ಸಲಕ್ಕೆ ಎರಡೂ ಕೂಡಿದವು.

ಇನ್ನೊಂದು ಪೆದ್ದುತನವನ್ನೂ ಒಪ್ಪಿಕೊಳ್ಳುತ್ತೇನೆ. ತೋರುಬೆರಳು, ನಡುಬೆರಳುಗಳ ಲೋಹದ ಪಿಕ್‌ಗಳನ್ನು (ತಂತಿ ಮೀಟಲು ಬೆರಳಿಗೆ ತೊಡುವ ಕವಚಗಳು) ಉಗುರಿನ ಮೇಲೆ ಹಾಕಿಕೊಂಡಿದ್ದೆ! ಅವು ಬೆರಳ ಒಳಬದಿಗೆ ಬರಬೇಕು.

ಈಗ ದಿನಕ್ಕೆ ಇಪ್ಪತ್ತು ನಿಮಿಷ ಫಾರ್ವರ್ಡ್ ರೋಲ್ ಮಾತ್ರ: ಹೆಬ್ಬೆರಳು, ತೋರುಬೆರಳು, ನಡುಬೆರಳು, ಮತ್ತೆ ಅದೇ. ಒಂದು ಆವರ್ತದ ಎಂಟು ಸ್ವರಗಳಲ್ಲಿ ಮೂರರ ಗುಂಪುಗಳು ಸರಿಯಾಗಿ ಕೂರುವುದಿಲ್ಲ, ಒತ್ತು ಜಾರುತ್ತದೆ. ಬ್ಲೂಗ್ರಾಸ್ ಎಂಬ ಅಮೆರಿಕದ ಸಂಗೀತ ಶೈಲಿಯ ಓಟ ಇರುವುದು ಆ ಜಾರುವಿಕೆಯಲ್ಲೇ. 1945ರಲ್ಲಿ ಬ್ಲೂಗ್ರಾಸ್ ಗಾಯಕ ಬಿಲ್ ಮನ್ರೋ ಅವರ ತಂಡ ಸೇರಿದ ಬ್ಯಾಂಜೊ ವಾದಕ ಅರ್ಲ್ ಸ್ಕ್ರಗ್ಸ್ ಈ ಮೂರು ಬೆರಳಿನ ಶೈಲಿಯನ್ನು ಎಲ್ಲೆಡೆ ಹಬ್ಬಿಸಿದರು. ಅವರ ಊರಿರುವ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲೇ ನನ್ನ ಬಾಡಿಗೆ ಮನೆ. ಬ್ಯಾಂಜೊದ ಗಿಡ್ಡನೆಯ ಐದನೇ ತಂತಿ ಮಾತ್ರ ಅಮ್ಮನ ವೀಣೆಯ ತಾಳದ ತಂತಿಗಳನ್ನು ನೆನಪಿಸುತ್ತದೆ.

ಜಿ ಕಾರ್ಡ್‌ನಿಂದ ಸಿ ಕಾರ್ಡ್‌ಗೆ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹೋಗುವಾಗ ಇನ್ನೂ ಎಡವುತ್ತೇನೆ. ಅದಕ್ಕೆ ಯಾರಲ್ಲಾದರೂ ಉಪಾಯವಿದೆಯೇ?