ಲ್ಯಾಬ್ರಡಾರ್ ರಕ್ತಪರೀಕ್ಷೆ: ನಿನ್ನೆ ಪೊಟ್ಯಾಸಿಯಂ 7.4, ಇವತ್ತು 4.6. ಯಾವುದನ್ನು ನಂಬಲಿ?

ತುಂಗಾತೀರ:
ನಮ್ಮ ಲ್ಯಾಬ್ರಡಾರ್ ನಾಯಿ, ಹೆಣ್ಣು, ನಾಲ್ಕು ವರ್ಷ. ಜ್ವರ ಇತ್ತು, ಊಟ ಅರ್ಧಕ್ಕೆ ಬಿಡುತ್ತಿದ್ದಳು, ಕಿವಿಯೊಳಗೆ ಉಣುಗು ಸಿಕ್ಕಿತ್ತು. ತೀರ್ಥಹಳ್ಳಿಯಲ್ಲಿ ಡಾಕ್ಟ್ರು ಉಣುಗು ಜ್ವರ ಇರಬಹುದು ಅಂತ ಡಾಕ್ಸಿಸೈಕ್ಲಿನ್ ಶುರು ಮಾಡಿದರು. ಬೆಳಿಗ್ಗೆ ರಕ್ತ ತೆಗೆದು ಬಸ್ಸಿನಲ್ಲಿ ಶಿವಮೊಗ್ಗದ ಒಂದು ಲ್ಯಾಬಿಗೆ ಕಳಿಸಿದ್ವಿ, ಅದು ಮನುಷ್ಯರ ಲ್ಯಾಬ್. ಮರುದಿನ ಬೇರೆ ಕ್ಲಿನಿಕ್ಕಿನಲ್ಲಿ ಅಲ್ಲೇ ಮಷೀನಿಗೆ ಹಾಕಿಸಿದೆ.

ಮೊದಲನೆಯದು: ಪ್ಲೇಟ್ಲೆಟ್ 42 ಸಾವಿರ, ಗ್ಲೂಕೋಸ್ 48, ಪೊಟ್ಯಾಸಿಯಂ 7.4, ಕ್ಯಾಲ್ಸಿಯಂ 5.1.
ಎರಡನೆಯದು: ಪ್ಲೇಟ್ಲೆಟ್ 1.8 ಲಕ್ಷ, ಗ್ಲೂಕೋಸ್ 92, ಪೊಟ್ಯಾಸಿಯಂ 4.6, ಕ್ಯಾಲ್ಸಿಯಂ 10.2.

ಒಂದೇ ದಿನಕ್ಕೆ ಮಾತ್ರೆ ಇಷ್ಟು ಕೆಲಸ ಮಾಡುತ್ತಾ? ಮೊದಲ ಪೊಟ್ಯಾಸಿಯಂ ನೋಡಿ ಕಿಡ್ನಿ ಹೋಗಿದೆಯೇನೋ ಅಂತ ಮನೆಯವರೆಲ್ಲ ಗಾಬರಿಯಾಗಿದ್ದಾರೆ.

ಸ್ಲೈಡ್ ನೋಡಿ:
ಒಂದು ವಿಷಯ ಮೊದಲು ಹೇಳಿ. ಆ ಮೊದಲ ರಿಪೋರ್ಟಿನಲ್ಲಿ ಎಎಲ್‌ಪಿ (ಲಿವರ್ ಪರೀಕ್ಷೆಯಲ್ಲಿ ನೋಡುವ ಒಂದು ಕಿಣ್ವ) ಎಷ್ಟಿದೆ? ರಕ್ತ ತೆಗೆದಾಗ ನಾಯಿ ನಡುಗುತ್ತಿತ್ತಾ, ತೂರಾಡುತ್ತಿತ್ತಾ?

ತುಂಗಾತೀರ:
ಎಎಲ್‌ಪಿ 6. ನಡುಕ ಏನೂ ಇಲ್ಲ, ಸಪ್ಪಗಿದ್ದಳು ಅಷ್ಟೆ. ಬಾಲ ಆಡಿಸಿಕೊಂಡೇ ಕಾರು ಹತ್ತಿದಳು.

ಸ್ಲೈಡ್ ನೋಡಿ:
ಹಾಗಾದರೆ ಆ ಪೊಟ್ಯಾಸಿಯಂ ನಾಯಿಯದಲ್ಲ, ಟ್ಯೂಬಿನದು.

ಸಿಬಿಸಿಗೆ, ಅಂದರೆ ರಕ್ತಕಣಗಳ ಎಣಿಕೆಗೆ, ಬಳಸುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ, ಅದೂ ಪೊಟ್ಯಾಸಿಯಂ ಲವಣದ ರೂಪದಲ್ಲಿ. ಇಡಿಟಿಎ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ, ರಕ್ತ ಹೆಪ್ಪುಗಟ್ಟದಿರುವುದು ಅದಕ್ಕೇ. ಎಎಲ್‌ಪಿ ಕೆಲಸ ಮಾಡಲು ಬೇಕಾದ ಸತು, ಮೆಗ್ನೀಸಿಯಂ ಕೂಡ ಅದರ ಪಾಲು. ಸಿರಿಂಜಿನ ರಕ್ತವನ್ನು ಮೊದಲು ನೇರಳೆ ಟ್ಯೂಬಿಗೆ ಹಾಕಿ, ಆಮೇಲೆ ಅದೇ ಸೂಜಿಯಲ್ಲಿ ಕೆಂಪು ಟ್ಯೂಬಿಗೆ (ಪೊಟ್ಯಾಸಿಯಂ, ಕ್ಯಾಲ್ಸಿಯಂ ನೋಡುವುದು ಇದರ ರಕ್ತದಲ್ಲಿ) ಹಾಕಿದರೆ, ಅಥವಾ ಕೆಂಪಿನಲ್ಲಿ ಕಡಿಮೆಯಾಯಿತೆಂದು ನೇರಳೆಯದರಿಂದ ಸ್ವಲ್ಪ ಸುರಿದರೆ, ಬರುವ ಚಿತ್ರ ಇದೇ: ಪೊಟ್ಯಾಸಿಯಂ ಮೇಲೆ, ಕ್ಯಾಲ್ಸಿಯಂ ಕೆಳಗೆ, ಎಎಲ್‌ಪಿ ನೆಲಕ್ಕೆ. ಮೂರೂ ಒಟ್ಟಿಗೆ ಕಂಡರೆ ಕಿಡ್ನಿಯನ್ನು ಅನುಮಾನಿಸುವ ಮುಂಚೆ ಟ್ಯೂಬನ್ನು ಅನುಮಾನಿಸಬೇಕು. ನಿಜವಾಗಿ ಕ್ಯಾಲ್ಸಿಯಂ 5.1 ಇದ್ದ ನಾಯಿ ಬಾಲ ಆಡಿಸಿಕೊಂಡು ಕಾರು ಹತ್ತುವುದಿಲ್ಲ. ನಡುಕ, ಫಿಟ್ಸ್ ಬರುವ ಮಟ್ಟ ಅದು.

ಗ್ಲೂಕೋಸ್ ಬಸ್ಸಿನಲ್ಲಿ ಖರ್ಚಾಗಿದೆ. ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಬೇರ್ಪಡಿಸದೆ ಬಿಟ್ಟರೆ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಸುಮಾರು 5ರಿಂದ 7 ಶೇಕಡಾ, ಸೆಕೆಯಲ್ಲಿ ಇನ್ನೂ ಬೇಗ. ಬೆಳಿಗ್ಗೆಯ ರಕ್ತ ಸಂಜೆ ಮಷೀನಿಗೆ ಹೋದರೆ 92 ಇದ್ದದ್ದು 50ರ ಆಸುಪಾಸಿಗೆ ಇಳಿಯುವುದರಲ್ಲಿ ಆಶ್ಚರ್ಯವಿಲ್ಲ.

ಪ್ಲೇಟ್ಲೆಟ್ ವಿಷಯ ಮಾತ್ರ ಇಷ್ಟು ಸಲೀಸಲ್ಲ. ಒಂದೇ ರಾತ್ರಿಯಲ್ಲಿ ನಾಲ್ಕು ಪಟ್ಟು ಏರಿಕೆ ಮಾತ್ರೆಯಿಂದ ಆಗುವುದು ಕಷ್ಟ. ಪ್ಲೇಟ್ಲೆಟ್‌ಗಳು ಗುಂಪುಗಟ್ಟಿದ್ದರೆ ಮಷೀನ್ ಇಡೀ ಗುಂಪನ್ನು ಒಂದು ಕಣ ಎಂದೋ, ಬಿಳಿ ರಕ್ತಕಣ ಎಂದೋ ಎಣಿಸಿಬಿಡುತ್ತದೆ. ಆದರೆ 1.8 ಲಕ್ಷವೂ ನಾಯಿಗೆ ಸ್ವಲ್ಪ ಕಡಿಮೆಯೇ. ಹಾಗಾಗಿ ಉಣುಗು ಜ್ವರ ಇಲ್ಲ ಎಂದು ನಾನು ಹೇಳುತ್ತಿಲ್ಲ. ಡಾಕ್ಟ್ರು ಹೇಳದೆ ಡಾಕ್ಸಿ ನಿಲ್ಲಿಸಬೇಡಿ. ರಕ್ತದ ಸ್ಲೈಡ್ ಮಾಡಿಸಿ, ಅದರ ತುದಿಯಲ್ಲಿ ಗುಂಪುಗಳಿವೆಯಾ ಎಂದು ಕಣ್ಣಾರೆ ನೋಡಲು ಹೇಳಿ. ಗುಂಪುಗಳಿಲ್ಲದಿದ್ದರೆ ಮೈಕ್ರೋಸ್ಕೋಪಿನ ಆಯಿಲ್ ಲೆನ್ಸಿನಲ್ಲಿ ಒಂದು ಫೀಲ್ಡಿಗೆ (ಒಮ್ಮೆಗೆ ಕಾಣುವ ವೃತ್ತಕ್ಕೆ) ಸರಾಸರಿ ಎಷ್ಟು ಪ್ಲೇಟ್ಲೆಟ್ ಕಾಣುತ್ತವೋ ಅದನ್ನು 15ರಿಂದ 20 ಸಾವಿರದಿಂದ ಗುಣಿಸಿದರೆ ಅಂದಾಜು ಸಿಗುತ್ತದೆ. ತೀರ್ಥಹಳ್ಳಿಯಲ್ಲಿ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.

ಮೇಕೆಮನೆ:
ಮನುಷ್ಯರ ಲ್ಯಾಬಿನ ಬಗ್ಗೆ ಒಂದು ಮಾತು. ಮನುಷ್ಯನ ಕೆಂಪು ರಕ್ತಕಣದ ಗಾತ್ರ 80ರಿಂದ 100 ಫೆಮ್ಟೋಲೀಟರ್, ನಾಯಿಯದು ಸುಮಾರು 60ರಿಂದ 77, ಮೇಕೆಯದು 16ರಿಂದ 25 ಅಷ್ಟೆ. ಮನುಷ್ಯರಿಗೆ ಹೊಂದಿಸಿದ ಮಷೀನಿಗೆ ಮೇಕೆಯ ಕೆಂಪು ಕಣವೇ ಪ್ಲೇಟ್ಲೆಟ್ ತರಹ ಕಾಣಬಹುದು. ನಾಯಿಗೆ ಅಷ್ಟು ಕೆಡುವುದಿಲ್ಲ, ಆದರೂ ಪ್ರಾಣಿಗಳ ಸೆಟ್ಟಿಂಗ್ ಇದೆಯಾ ಎಂದು ಕೇಳಿಯೇ ಕೊಡಿ.

ತುಂಗಾತೀರ:
ಸ್ಲೈಡ್ ಆಯಿತು. ಮೊದಲ ಟ್ಯೂಬಿನಲ್ಲಿ ಉಳಿದಿದ್ದ ರಕ್ತದ್ದೇ. ತುದಿಯ ಉದ್ದಕ್ಕೂ ಗುಂಪುಗಳು. ಅದರಲ್ಲಿ ಎಣಿಕೆ ಮಾಡಲು ಬರುವುದಿಲ್ಲ ಅಂದರು, ನಾಳೆ ಮತ್ತೆ ರಕ್ತ ತೆಗೆಯುತ್ತಾರೆ. ಏನು ಹೇಳಿಕೊಳ್ಳಲಿ?

ಸ್ಲೈಡ್ ನೋಡಿ:
ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಿ, ನೀರು ಪರವಾಗಿಲ್ಲ. ದೊಡ್ಡ ರಕ್ತನಾಳದಿಂದ ಒಂದೇ ಸಲಕ್ಕೆ ಸರಾಗವಾಗಿ ತೆಗೆಯಲಿ. ಸೂಜಿ ಒಳಗೆ ಹುಡುಕಾಡಿದಷ್ಟೂ ಗುಂಪುಗಟ್ಟುವುದು ಹೆಚ್ಚು. ನೇರಳೆ ಟ್ಯೂಬಿಗೆ ಗೆರೆಯವರೆಗೆ ತುಂಬಿಸಿ, ಕೂಡಲೇ ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಕುಲುಕಬಾರದು. ಆಗಲೂ ಗುಂಪುಗಟ್ಟಿದರೆ ಸಿಟ್ರೇಟ್ ಟ್ಯೂಬಿನಲ್ಲಿ ತೆಗೆದು, ಬಂದ ಪ್ಲೇಟ್ಲೆಟ್ ಸಂಖ್ಯೆಯನ್ನು 1.1ರಿಂದ ಗುಣಿಸಲಿ, ಅದರಲ್ಲಿರುವ ದ್ರವ ರಕ್ತವನ್ನು ಅಷ್ಟು ತೆಳು ಮಾಡಿರುತ್ತದೆ. ಕೆಂಪು ಟ್ಯೂಬಿನ ಸೀರಂ ಅಲ್ಲೇ ಬೇರ್ಪಡಿಸಿ ಕಳಿಸಲಿ. ಇನ್ನು ಮುಂದಿನ ಪರೀಕ್ಷೆಗಳೆಲ್ಲ ಒಂದೇ ಲ್ಯಾಬಿನಲ್ಲಿ ಇರಲಿ.