ಹೂ ಬಿಟ್ಟ ಪಾರ್ಥೇನಿಯಂ ಗೊಬ್ಬರದ ಗುಂಡಿಗೆ ಹಾಕಬಹುದೇ?

ಬದುಬೇಲಿ:
ಒಂದು ಎಕರೆ ಬೀಳು ನೆಲ, ತುಂಬ ಕಾಂಗ್ರೆಸ್ ಗಿಡ (ಪಾರ್ಥೇನಿಯಂ). ಅರ್ಧದಷ್ಟು ಬಿಳಿ ಹೂ ಬಿಟ್ಟಿವೆ, ಉಳಿದವು ಇನ್ನೂ ಎಲೆ ಹರಡಿಕೊಂಡು ನೆಲಕ್ಕೆ ಅಂಟಿಕೊಂಡಿವೆ. ಕುಡುಗೋಲಲ್ಲಿ ಕೊಯ್ದರೆ ಮತ್ತೆ ಚಿಗುರುತ್ತೆ. ಮುಂದೆ ಮೆಕ್ಕೆಜೋಳ ಬಿತ್ತಬೇಕು. ಕಿತ್ತದ್ದನ್ನು ಗೊಬ್ಬರ ಮಾಡಬಹುದೇ? ಉಪ್ಪುನೀರು ಹೊಡೆದರೆ ಸಾಯುತ್ತೆ ಅಂತಾರೆ, ನಿಜವೇ?

ಮಣ್ಣುಹುಳು:
ಕೊಯ್ಯುವುದನ್ನು ಮೊದಲು ಬಿಡಿ. ಬುಡ ಮಣ್ಣಲ್ಲಿ ಉಳಿದರೆ ಒಂದು ಕಾಂಡದ ಬದಲು ನಾಲ್ಕಾರು ಕವಲೊಡೆದು, ಗಿಡ ಗಿಡ್ಡಗಿರುವಾಗಲೇ ಹೂ ಬರುತ್ತೆ. ಮಳೆಯಾದ ಮೇಲೆ ನೆಲ ಹಸಿಯಿರುವಾಗ ಬೇರುಸಮೇತ ಕೀಳಿ. ಮೊಳೆತ ನಾಲ್ಕೈದು ವಾರಕ್ಕೇ ಹೂ ಬಿಡುವ ಗಿಡ ಇದು. ಚೆನ್ನಾಗಿ ಬೆಳೆದ ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತೆ. ಹಾಗಾಗಿ ಮೊದಲ ಸುತ್ತಿನಲ್ಲಿ ಹೂವಿರುವವನ್ನೇ ತೆಗೆಯಿರಿ.

ಬರಿಗೈಯಲ್ಲಿ ಮುಟ್ಟಬೇಡಿ. ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ ಚರ್ಮಕ್ಕೆ ಅಲರ್ಜಿ ತರುತ್ತೆ. ಮೊದಮೊದಲು ಏನೂ ಆಗದವರಿಗೂ ಪದೇ ಪದೇ ತಾಗಿದ ಮೇಲೆ ಕಣ್ಣುರೆಪ್ಪೆ, ಕತ್ತು, ಮೊಣಕೈ ಮಡಿಕೆಯಲ್ಲಿ ತುರಿಕೆ ಶುರುವಾಗಬಹುದು, ಆಮೇಲೆ ಅದು ಸುಲಭಕ್ಕೆ ಬಿಡೋದಿಲ್ಲ. ರಬ್ಬರ್ ಕೈಗವಸು, ತುಂಬುತೋಳು, ಮೂಗಿಗೆ ಬಟ್ಟೆ ಬೇಕೇ ಬೇಕು. ಅಲರ್ಜಿ ಇದ್ದವರನ್ನು ಈ ಕೆಲಸಕ್ಕೆ ಹಚ್ಚಲೇಬೇಡಿ.

ಹಸಿರೆಲೆ:
ಗೊಬ್ಬರದ ಮಾತು. ಹೂ ಬರದ ಗಿಡ ಮಾತ್ರ ಗುಂಡಿಗೆ. ಕಿತ್ತ ಮೇಲೂ ಕಾಂಡದಲ್ಲಿರುವ ಸಾರದಿಂದ ಬೀಜ ಬಲಿಯಬಹುದು, ಸಾಧಾರಣ ಗುಂಡಿಯ ಕಾವು ಅದನ್ನೆಲ್ಲ ಕೊಲ್ಲುತ್ತೆ ಅನ್ನುವ ಭರವಸೆ ಇಲ್ಲ. ಆ ಗೊಬ್ಬರ ಹಾಕಿದ ಕಡೆಯೆಲ್ಲ ಕಳೆ ಬಿತ್ತಿದ ಹಾಗೆ.

3 ಅಡಿ ಆಳ, 6 ಅಡಿ ಅಗಲ, 10 ಅಡಿ ಉದ್ದದ ಗುಂಡಿ ಸಾಕು. ನೀರು ನಿಲ್ಲದ ಜಾಗ ನೋಡಿ. ಸುಮಾರು 50 ಕೆಜಿ ಹಸಿಗಿಡ ಹರಡಿ, ಮೇಲೆ 500 ಗ್ರಾಂ ಯೂರಿಯಾ ಅಥವಾ ಸಗಣಿ ಬಗ್ಗಡ, ಅದರ ಮೇಲೆ ಹತ್ತು ಹನ್ನೆರಡು ಕೆಜಿ ಮಣ್ಣು. ಹೀಗೇ ಪದರ ಪದರವಾಗಿ ತುಳಿದು ತುಂಬಿ, ಕೊನೆಗೆ ಸಗಣಿ, ಮಣ್ಣು, ಹೊಟ್ಟು ಕಲಸಿ ಮೆತ್ತಿಬಿಡಿ. ನಾಲ್ಕೈದು ತಿಂಗಳು ಬೇಕು. ಅರ್ಧ ಕೊಳೆತದ್ದನ್ನು ಹಾಕಿದರೆ ಬೆಳೆಯ ಮೊಳಕೆಗೇ ಪೆಟ್ಟು. ಕಾಂಡ ಕೈಯಲ್ಲಿ ಪುಡಿಯಾಗುವಂತಿರಬೇಕು. ಹೂವಿನ ಗಿಡಗಳನ್ನು ಬೇರೆ ಗುಂಡಿಯಲ್ಲಿ ಆಳಕ್ಕೆ ಹೂತು, ಆ ಜಾಗ ಮತ್ತೆ ಅಗೆಯಬೇಡಿ.

ಬದುಬೇಲಿ:
ಉಪ್ಪು?

ಮಣ್ಣುಹುಳು:
ಲೀಟರ್ ನೀರಿಗೆ 200 ಗ್ರಾಂ ಅಡುಗೆ ಉಪ್ಪು, ಬಿಸಿಲಿರುವಾಗ ಎಲೆ ಪೂರ್ತಿ ನೆನೆಯುವಂತೆ ಹೊಡೆದರೆ ಸುಡುತ್ತೆ. ಆದರೆ ಅದು ರಸ್ತೆಬದಿಗೆ, ಖಾಲಿ ಅಂಗಳಕ್ಕೆ. ಬೆಳೆ ಇಡುವ ಮಣ್ಣಿಗೆ ಉಪ್ಪು ಕೂಡಿಸುವುದು ತಪ್ಪು.

ಮೆಕ್ಕೆಜೋಳಕ್ಕೆ ಅಟ್ರಜಿನ್ ಎಂಬ ಕಳೆನಾಶಕ ಉಂಟು: ಬಿತ್ತಿದ ಎರಡು ಮೂರು ದಿನದೊಳಗೆ, ಕಳೆ ಮೊಳೆಯುವ ಮುಂಚೆ, ತೇವವಿರುವ ಮಣ್ಣಿಗೆ ಸಿಂಪರಣೆ. ಪ್ರಮಾಣಕ್ಕೆ ಡಬ್ಬಿ ಮೇಲಿನ ಸೂಚನೆ ನೋಡಿ, ಮಣ್ಣಿನ ಮೇಲೆ ಅದು ಬದಲಾಗುತ್ತೆ. ನಡುವೆ ಅಲಸಂದೆಯೋ ತೊಗರಿಯೋ ಅಕ್ಕಡಿ ಹಾಕುವವರು ಹೊಡೆಯಬಾರದು, ಕಳೆಯ ಜತೆ ಅವೂ ಹೋಗುತ್ತವೆ.

ಸಾಲುಮರ:
ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೈಗೊಗ್ರಾಮಾ ದುಂಬಿಯನ್ನೂ ಮರೆಯಬೇಡಿ. ಮರಿಹುಳು, ದುಂಬಿ ಎರಡೂ ಈ ಕಳೆಯ ಎಲೆ ತಿನ್ನುತ್ತವೆ. ಮಳೆಗಾಲದಲ್ಲಿ ಮಾತ್ರ ಚುರುಕು, ಒಣ ದಿನಗಳಲ್ಲಿ ಮಣ್ಣೊಳಗೆ ಸೇರುತ್ತವೆ. ಕೇವಲ ಅವುಗಳನ್ನೇ ನಂಬಿದರೆ ಒಂದು ಎಕರೆ ಬರಿದಾಗದು, ಆದರೆ ಅವು ಕಂಡ ಬದುವಿನಲ್ಲಿ ಔಷಧಿ ಹೊಡೆಯದೆ ಬಿಡಿ.

ಕಿತ್ತ ನೆಲ ಖಾಲಿ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಅದೇ ಗಿಡ. ಮೆಕ್ಕೆಜೋಳಕ್ಕೆ ಸಮಯವಿದ್ದರೆ ಸೆಣಬನ್ನು ಒತ್ತಾಗಿ ಚೆಲ್ಲಿ, ಹೂ ಬರುವಾಗ ಮಣ್ಣಿಗೆ ಸೇರಿಸಿ. ಆಗ ಉಳುಮೆ ಮೇಲುಮೇಲಿರಲಿ. ಆಳದಲ್ಲಿ ಹೂತ ಬೀಜ ವರ್ಷಗಟ್ಟಲೆ ಜೀವ ಹಿಡಿದಿರುತ್ತೆ, ಮರುವರ್ಷದ ನೇಗಿಲು ಅದನ್ನು ಮೇಲಕ್ಕೆ ತರುತ್ತೆ. ಬಾಡಿಗೆ ಟ್ರ್ಯಾಕ್ಟರ್ ಬಂದರೆ ಹೊಲಕ್ಕಿಳಿಸುವ ಮೊದಲು ಚಕ್ರ, ನೇಗಿಲಿಗೆ ಮೆತ್ತಿದ ಮಣ್ಣು ತೊಳೆಸಿ.