ಅಪ್‌ಡೇಟ್: ಮಗಳ ಹೆಪಟೈಟಿಸ್ ಬಿ ಮೂರನೇ ಡೋಸ್ ಆಯ್ತು

ಹತ್ತನೇ ಕ್ಲಾಸಿನ ಮಗಳಿಗೆ ಹೆಪಟೈಟಿಸ್ ಬಿ (ಲಿವರ್‌ಗೆ ತಗಲುವ ವೈರಸ್ ಸೋಂಕು) ಲಸಿಕೆಯ ಎರಡು ಡೋಸ್ ಹಾಕಿಸಿದ ಮೇಲೆ ಊರು ಬದಲಾಗಿ ಮೂರನೆಯದು ಎರಡು ವರ್ಷ ತಡವಾಗಿದೆ, ಮತ್ತೆ ಮೊದಲಿಂದ ಶುರು ಮಾಡಬೇಕಾ ಎಂದು ಕೇಳಿದ್ದೆ. ಬೇಡ, ಬಿಟ್ಟುಹೋದ ಡೋಸ್ ಹಾಕಿಸಿದರೆ ಸಾಕು ಎಂದವರ ಮಾತೇ ಸರಿ. ಮಕ್ಕಳ ಡಾಕ್ಟರ್ ಹಳೆಯ ಕಾರ್ಡ್ ನೋಡಿ ಅದನ್ನೇ ಹೇಳಿದರು. 0, 1, 6 ತಿಂಗಳು, ಅಂದರೆ ಮೊದಲ ಡೋಸ್ ಆಗಿ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು ಅನ್ನೋದು ಸಾಮಾನ್ಯ ಲೆಕ್ಕ. ನಡುವೆ ಅಂತರ ಜಾಸ್ತಿಯಾದರೂ ಹಿಂದಿನ ಡೋಸ್ ವ್ಯರ್ಥವಾಗುವುದಿಲ್ಲವಂತೆ. ತೋಳಿಗೆ ಚುಚ್ಚಿದರು, ಒಂದು ದಿನ ಸ್ವಲ್ಪ ನೋವಿತ್ತು, ಅಷ್ಟೇ.

ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೇಳಿ ಎಂದಿದ್ದಿರಿ. ಅಲ್ಲಿ ಆಗಲಿಲ್ಲ, ಅವರ ಹತ್ತಿರ ಇದ್ದದ್ದು ಶಿಶುಗಳ ಲಸಿಕೆ ಮಾತ್ರ. ಖಾಸಗಿಯಾಗಿ ಹಾಕಿಸಿದೆವು. ರಕ್ತದಲ್ಲಿ ಆಂಟಿಬಾಡಿ (ಲಸಿಕೆಯಿಂದ ಬರುವ ರೋಗನಿರೋಧಕ ಅಂಶ) ಪರೀಕ್ಷೆ ಮಾಡಿಸಿ ಎಂಬ ಸಲಹೆಗೆ, ಡಾಕ್ಟರ್ ಆರೋಗ್ಯವಾಗಿರುವ ಮಕ್ಕಳಿಗೆ ಸುಮ್ನೆ ಬೇಡ ಎಂದರು. ಮನೆಯಲ್ಲಿ ಯಾರಿಗಾದರೂ ಈ ಸೋಂಕಿದ್ದರೆ ಮಾತ್ರ ವಿಷಯ ಬೇರೆ, ಆಗ ಡಾಕ್ಟರಿಗೆ ಮೊದಲೇ ಹೇಳಬೇಕು.

ನನಗೆ ನಿಜಕ್ಕೂ ಆಶ್ಚರ್ಯವಾದದ್ದು ಇನ್ನೊಂದು. ರಕ್ತದ ಮೂಲಕ ಹರಡುವ ಈ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು! ರೇಜರ್, ಟೂತ್‌ಬ್ರಷ್ ಹಂಚಿಕೊಳ್ಳಬಾರದು ಅನ್ನೋದು ಅದಕ್ಕೇ. ಹಾಸ್ಟೆಲ್‌ಗೆ ಹೋಗುವ ಮಕ್ಕಳಿಗೆ ಇದನ್ನು ಹೇಳಲೇಬೇಕು, ಅಲ್ವಾ?

ಇನ್ನೊಂದು ವಿಷಯ. ನಮ್ಮ ದೇಶದಲ್ಲಿ ಸರ್ಕಾರಿ ಲಸಿಕೆ ಪಟ್ಟಿಗೆ ಇದು 2002ರ ಸುಮಾರಿಗೆ ಕೆಲವು ಕಡೆ ಮಾತ್ರ ಬಂತು, ಎಲ್ಲ ರಾಜ್ಯಗಳಿಗೂ ತಲುಪಿದ್ದು 2011ರ ಸುಮಾರಿಗೆ. ಅದಕ್ಕಿಂತ ಮೊದಲು ಹುಟ್ಟಿದವರು ಮನೆಯಲ್ಲಿದ್ದರೆ ದಯವಿಟ್ಟು ಕಾರ್ಡ್ ತೆಗೆದು ನೋಡಿ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.